ನಂಬರ್ ಪ್ಲೇಟಿನ ಹಿಂದಿನ ಕಪ್ಪು

2024ರ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಅಪ್ಪನ ಆಲ್ಟೊ ಕಾರಿಗೆ ಎಚ್‌ಎಸ್‌ಆರ್‌ಪಿ, ಅಂದರೆ ಸರ್ಕಾರ ಕಡ್ಡಾಯ ಮಾಡಿದ್ದ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿಸುವುದು ಬಾಕಿ ಇತ್ತು. ಗಡುವು ಮುಂದಕ್ಕೆ ಹೋಗುತ್ತಲೇ ಇದ್ದುದರಿಂದ ಅಪ್ಪನೂ ಸುಮ್ಮನಿದ್ದರು. ಕೊನೆಗೆ ನಾನೇ ಬುಕ್ ಮಾಡಿದೆ. ಹೊಸಪೇಟೆಯಲ್ಲಿ ಪ್ಲೇಟ್ ಹಾಕುವ ಜಾಗಕ್ಕೆ ಇಬ್ಬರೂ ಗಾಡಿ ತಗೊಂಡು ಹೋದೆವು. ಅಲ್ಲಿನ ಹುಡುಗ ಸ್ಕ್ರೂ ಬಿಚ್ಚಿ ಮುಂದಿನ ಹಳೆಯ ಪ್ಲೇಟನ್ನು ಎಳೆದ. ಕೆಂಪು ಧೂಳು ಒಂದು ಹಿಡಿಯಷ್ಟು ಉದುರಿತು. ಹುಡುಗ ಅಂಗೈಯಿಂದಲೇ ಅದನ್ನು ಒರೆಸಿದ. ಪ್ಲೇಟ್ ಇದ್ದ ಜಾಗದಲ್ಲಿ ಬಂಪರ್ ಕಪ್ಪಗಿತ್ತು. 2006ರಲ್ಲಿ ಈ ಕಾರು ಮನೆಗೆ ಬಂದ ದಿನ ಎಷ್ಟು ಕಪ್ಪಗಿತ್ತೋ ಅಷ್ಟೇ ಕಪ್ಪು. ಬೆರಳಾಡಿಸಿದರೆ ಪ್ಲಾಸ್ಟಿಕ್ಕಿನ ಮೇಲಿನ ಸಣ್ಣ ಸಣ್ಣ ಅಚ್ಚು ಹೊಸ ಚಪ್ಪಲಿಯ ಹಾಗೆ ಕೈಗೆ ಸಿಗುತ್ತಿತ್ತು. ಅದರ ಸುತ್ತ ಉಳಿದ ಬಂಪರ್ ಎಲ್ಲ ಬೂದಿ. ಒಲೆಯಿಂದ ಬಾಚಿ ಹೊರಗೆ ಹಾಕಿದ ಬೂದಿಯ ಬಣ್ಣ.

ಹೊಸ ಪ್ಲೇಟ್ ಹಳೆಯದಕ್ಕಿಂತ ಚಿಕ್ಕದು. ಅಪ್ಪ ಆಗ ಪೇಂಟರ್ ಹತ್ತಿರ ಬರೆಸಿದ್ದ ತಗಡು ಅಗಲವಾಗಿತ್ತು. ಹಾಗಾಗಿ ಹೊಸದನ್ನು ಕೂರಿಸಿದ ಮೇಲೂ ಅದರ ಮೇಲೆ ಕೆಳಗೆ ಎರಡು ಬೆರಳಿನಷ್ಟು ಕಪ್ಪು ಪಟ್ಟಿ ಉಳಿದುಕೊಂಡಿತು. ಫೋಟೊಗೆ ಚೌಕಟ್ಟು ಹಾಕಿದ ಹಾಗೆ. ಮನೆಗೆ ಬಂದು ಗಾಡಿ ನಿಲ್ಲಿಸಿದ ಮೇಲೆ ಅಪ್ಪ ಅದರ ಮುಂದೆ ಸ್ವಲ್ಪ ಹೊತ್ತು ನಿಂತರು. "ಇಷ್ಟು ಕಪ್ಪಿತ್ತಾ ಇದು?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಹದಿನೆಂಟು ವರ್ಷ ಕಣ್ಣೆದುರೇ ಇದ್ದ ಗಾಡಿ. ಅದು ಯಾವಾಗ ಬೂದಿ ಬಣ್ಣಕ್ಕೆ ತಿರುಗಿತು ಅಂತ ನಮ್ಮಿಬ್ಬರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ದಿನಾ ನೋಡುವ ಮುಖ ಬದಲಾಗಿದ್ದು ಹಳೆಯ ಫೋಟೊ ಸಿಕ್ಕಾಗಲೇ ಗೊತ್ತಾಗುವುದು, ಅಲ್ವಾ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಎರಡು ಬೆರಳಿನ ಪಟ್ಟಿ ತಲೆಯಿಂದ ಹೋಗಲಿಲ್ಲ.

ಶುಕ್ರವಾರದ ಎಣ್ಣೆ

ನಮ್ಮದು ಆ ಕಾರಿನ ತೀರಾ ಕೆಳಗಿನ ಮಾಡೆಲ್. ಬಂಪರ್‌ಗೆ ಬಣ್ಣ ಇಲ್ಲ, ಕನ್ನಡಿಗಳ ಚಿಪ್ಪಿಗೂ ಬಾಗಿಲ ಹಿಡಿಗೂ ಬಣ್ಣ ಇಲ್ಲ. ಎಲ್ಲ ಕಪ್ಪು ಪ್ಲಾಸ್ಟಿಕ್. ಆಗೆಲ್ಲ ಒಂದು ಕಾರು ಎದುರಿಗೆ ಬಂದರೆ ಅದು ಬೇಸ್ ಮಾಡೆಲ್ಲೋ ಟಾಪ್ ಮಾಡೆಲ್ಲೋ ಅಂತ ಬಂಪರ್ ನೋಡಿಯೇ ಹೇಳುತ್ತಿದ್ದರು. ಬಾಡಿ ಬಣ್ಣದ ಬಂಪರ್ ಇದ್ದರೆ ಒಂದು ತೂಕ, ಕಪ್ಪಿದ್ದರೆ ಒಂದು ತೂಕ. ನನ್ನ ಅತ್ತೆಯ ಮಗ ಒಂದು ಸಲ "ಮಾಮಾ, ಬಂಪರ್‌ಗೂ ಪೇಂಟ್ ಹೊಡಸಬೇಕಿತ್ತು" ಅಂದಿದ್ದು ನೆನಪಿದೆ. ಅಪ್ಪ ಏನೂ ಅನ್ನಲಿಲ್ಲ. ಆದರೆ ಅದಾದ ಮೇಲೆ ಆ ಕಪ್ಪನ್ನು ಕಪ್ಪಾಗಿಯೇ ಇಡಬೇಕು ಅನ್ನುವ ಹಟ ಅವರಿಗೆ ಬಂತು ಅಂತ ಈಗ ಅನ್ನಿಸುತ್ತದೆ. (ಈಗ ಕಾಲ ತಿರುಗಿದೆ. 2013ರಲ್ಲಿ ಬಂದ ಇಕೋಸ್ಪೋರ್ಟ್, 2015ರ ಕ್ವಿಡ್, 2021ರ ಪಂಚ್, ಹೀಗೆ ಒಂದಾದ ಮೇಲೊಂದು ಗಾಡಿ ಚಕ್ರದ ಸುತ್ತ, ಬಾಗಿಲ ಕೆಳಗೆ ಅದೇ ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್ ಕಟ್ಟಿಕೊಂಡು ಬಂತು. ಕ್ಲ್ಯಾಡಿಂಗ್ ಅಂತ ಅದಕ್ಕೀಗ ಹೆಸರು. ಜನ ಅದನ್ನೇ ಇಷ್ಟಪಟ್ಟು ಕೊಳ್ಳುತ್ತಾರೆ.)

ಶುಕ್ರವಾರ ಬೆಳಿಗ್ಗೆ ಅಪ್ಪ ಗಾಡಿ ತೊಳೆಯುತ್ತಿದ್ದರು. ಎರಡು ಬಕೆಟ್ ಬೋರ್ ನೀರು, ಒಂದು ಹಳೆ ಬನಿಯನ್. ತೊಳೆದಾದ ಮೇಲೆ ಅವ್ವನ ಹತ್ತಿರ ಕೊಬ್ಬರಿ ಎಣ್ಣೆ ಡಬ್ಬಿ ಇಸ್ಕೊಂಡು ಬರುತ್ತಿದ್ದರು. ಅಂಗೈಗೆ ಸ್ವಲ್ಪ ಸುರಿದುಕೊಂಡು, ಮಕ್ಕಳ ತಲೆಗೆ ಹಚ್ಚುವ ಹಾಗೆ ಎರಡೂ ಕೈಯಿಂದ ಬಂಪರ್ ಉದ್ದಕ್ಕೂ ತೀಡುತ್ತಿದ್ದರು. ಎಣ್ಣೆ ಬಿದ್ದ ಕಡೆಯೆಲ್ಲ ಕಪ್ಪು ಎದ್ದು ಬರುತ್ತಿತ್ತು. ಹಂಪಿ ಕಡೆ ಗುಡಿಗಳಲ್ಲಿ ಎಣ್ಣೆಮಜ್ಜನ ಆದ ಕಲ್ಲಿನ ಮೂರ್ತಿ ಹೇಗೆ ಫಳಫಳ ಅನ್ನುತ್ತದೋ ಹಾಗೆ. ಅವ್ವ ಬಾಗಿಲಲ್ಲಿ ನಿಂತು, "ತಲಿಗೆ ಹಚ್ಚಾಕ ಎಣ್ಣಿ ಇಲ್ಲ, ಗಾಡಿಗೆ ಹಚ್ಚತಾರ" ಅನ್ನುತ್ತಿದ್ದಳು. ಅಷ್ಟು ಹೊತ್ತಿಗೆ ಅಪ್ಪ ಹಿಂದಿನ ಬಂಪರ್‌ಗೆ ಹೋಗಿರುತ್ತಿದ್ದರು.

ಆ ಕಪ್ಪು ಸಂಜೆಯವರೆಗೂ ಉಳಿಯುತ್ತಿರಲಿಲ್ಲ. ಅವು ಕಬ್ಬಿಣದ ಅದಿರಿನ ಗಣಿಗಾರಿಕೆ ಜೋರಾಗಿದ್ದ ವರ್ಷಗಳು. ಸಂಡೂರು ಕಡೆಯಿಂದ ಹಗಲೂ ರಾತ್ರಿ ಲಾರಿಗಳು ಬರುತ್ತಿದ್ದವು. ರಸ್ತೆ ಪಕ್ಕದ ಮರದ ಎಲೆಗಳೂ ಕೆಂಪಾಗಿರುತ್ತಿದ್ದವು. ಅಂಥ ಗಾಳಿಯಲ್ಲಿ ಎಣ್ಣೆ ಹಚ್ಚಿದ ಬಂಪರ್ ಅಂದರೆ ಧೂಳಿಗೆ ಹಾಸಿಗೆ ಹಾಸಿದ ಹಾಗೆ. ಮಧ್ಯಾಹ್ನಕ್ಕೆಲ್ಲ ಮೆತ್ತನೆಯ ಕೆಂಪು ಕೆಸರು ಕೂತುಬಿಡುತ್ತಿತ್ತು. ಮುಂದಿನ ಶುಕ್ರವಾರ ಅಪ್ಪ ಮೇಲಿನದನ್ನು ಒರೆಸಿ, ಅಚ್ಚಿನ ಸಂದಿಯಲ್ಲಿ ಉಳಿದದ್ದರ ಮೇಲೆಯೇ ಮತ್ತೆ ಎಣ್ಣೆ ಹಚ್ಚುತ್ತಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಕಡಿಮೆಯಾದವು, ಗಿಡಗಳು ಮತ್ತೆ ಹಸಿರು ಕಂಡವು. ಆದರೆ ನಮ್ಮ ಬಂಪರ್ ಸಂದಿಯಲ್ಲಿ ಆ ವರ್ಷಗಳು ಹಾಗೇ ಉಳಿದಿದ್ದವು ಅಂತ ನನಗೆ ಗೊತ್ತಾಗಿದ್ದು ಮೊನ್ನೆ ಮೊನ್ನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಮಳೆಗೆ ಹರಿದ ಕಪ್ಪು

ಬೆಂಗಳೂರಿನ ನನ್ನ ಕಾರಿಗೂ ಚಕ್ರದ ಸುತ್ತ ಕ್ಲ್ಯಾಡಿಂಗ್ ಇದೆ. ಅದೂ ಬೆಳ್ಳಗಾಗಲು ಶುರುವಾಗಿತ್ತು. ಅಪ್ಪನ ಗಾಡಿ ನೋಡಿ ಬಂದ ಮೇಲೆ ಗಾಡಿ ತೊಳೆದು ಹೊಳಪು ಕೊಡುವ ಒಂದು ಡೀಟೇಲಿಂಗ್ ಅಂಗಡಿಗೆ ಕೊಟ್ಟೆ. ಸಂಜೆ ಹೋದರೆ ಕಾರು ಮದುಮಗನ ಹಾಗೆ ನಿಂತಿತ್ತು. ಕ್ಲ್ಯಾಡಿಂಗ್ ಕಪ್ಪಗೆ ಹೊಳೆಯುತ್ತಿತ್ತು. ಖುಷಿಯಿಂದಲೇ ದುಡ್ಡು ಕೊಟ್ಟು ಬಂದೆ. ನಾಲ್ಕನೇ ದಿನ ಜೋರು ಮಳೆ ಬಂತು. ಬೆಳಿಗ್ಗೆ ನೋಡಿದರೆ ಬಾಗಿಲ ಕೆಳಗಿನ ಬಿಳಿ ಬಣ್ಣದ ಮೇಲೆ ಅತ್ತು ಅತ್ತು ಕಾಡಿಗೆ ಹರಿದ ಹಾಗೆ ಗೆರೆಗಳು. ಕ್ಲ್ಯಾಡಿಂಗ್ ಮತ್ತೆ ಹಳೆಯ ಬೂದಿ ಬಣ್ಣ. ಹೋಗಿ ಕೇಳಿದರೆ, "ಸರ್, ಅದು ಹಾಗೇನೇ. ತಿಂಗಳಿಗೊಂದು ಸಲ ತಂದುಬಿಡಿ" ಅಂದರು. ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ. ಹಚ್ಚುವ ಮುಂಚೆ ಅವರು ಅದನ್ನು ಸರಿಯಾಗಿ ತೊಳೆದೇ ಇರಲಿಲ್ಲ. ಬೆರಳಲ್ಲಿ ತಿಕ್ಕಿದರೆ ಒಳಗಿನ ಮಣ್ಣು ಬರುತ್ತಿತ್ತು. ಅಪ್ಪ ಕೊಬ್ಬರಿ ಎಣ್ಣೆಯಲ್ಲಿ ಮಾಡುತ್ತಿದ್ದುದನ್ನೇ ಇವರು ಸಿಲಿಕೋನ್ ಎಣ್ಣೆಯಲ್ಲಿ ಮಾಡಿದ್ದರು. ಅಪ್ಪನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಇವರಿಗೆ ಗೊತ್ತಿರಬೇಕಿತ್ತು.

ಅವತ್ತಿನಿಂದ ಇದರ ಹಿಂದೆ ಬಿದ್ದೆ. ಈ ಕಪ್ಪು ಎಲ್ಲಿಗೆ ಹೋಗುತ್ತದೆ? ನಂಬರ್ ಪ್ಲೇಟಿನ ಹಿಂದೆ ಹೇಗೆ ಉಳಿಯಿತು?

ಬಣ್ಣ ಎಲ್ಲೂ ಹೋಗಿಲ್ಲ

ಬಂಪರ್‌ನ ಬೆನ್ನಿಗೆ ಕೈ ಹಾಕಿ, ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಸಾಮಾನ್ಯವಾಗಿ ಪಿಪಿ ಅನ್ನುವ ಅಚ್ಚು ಕಾಣುತ್ತದೆ. ಪಾಲಿಪ್ರೊಪಿಲೀನ್. 1954ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಜೂಲಿಯೊ ನಟ್ಟಾ ಇದನ್ನು ಗಟ್ಟಿಯಾದ, ಕೆಲಸಕ್ಕೆ ಬರುವ ಪ್ಲಾಸ್ಟಿಕ್ಕಾಗಿ ಮಾಡಿದರು. 1963ರಲ್ಲಿ ಅವರಿಗೂ ಜರ್ಮನಿಯ ಕಾರ್ಲ್ ಜೀಗ್ಲರ್‌ಗೂ ಸೇರಿ ನೊಬೆಲ್ ಬಂತು. ನಾವು ಸಿಮೆಂಟ್ ತರುವ ಹೆಣೆದ ಚೀಲವೂ ಇದೇ, ಡಬ್ಬಿಗಳ ಮುಚ್ಚಳವೂ ಇದೇ. ಬಂಪರ್‌ಗೆ ಇದನ್ನು ಬರಿದಾಗಿ ಬಳಸುವುದಿಲ್ಲ. ಗುದ್ದಿದರೆ ಒಡೆಯದಿರಲಿ ಅಂತ ಒಂದು ಬಗೆಯ ರಬ್ಬರ್ ಬೆರೆಸುತ್ತಾರೆ. ಆಕಾರ ಗಟ್ಟಿಯಾಗಿ ನಿಲ್ಲಲಿ ಅಂತ ಟಾಲ್ಕ್ ಬೆರೆಸುತ್ತಾರೆ. ಹೌದು, ಮಗುವಿಗೆ ಸ್ನಾನ ಮಾಡಿಸಿ ಹಚ್ಚುವ ಪೌಡರ್ ಇರುತ್ತಲ್ಲ, ಅದೇ ಟಾಲ್ಕ್ ಕಲ್ಲಿನ ಪುಡಿ. ಪಿಪಿ ಪಕ್ಕದಲ್ಲಿ ಟಿ ಅಕ್ಷರದ ಜೊತೆ ಹತ್ತು, ಇಪ್ಪತ್ತು ಅಂತ ಅಂಕಿ ಇದ್ದರೆ ಅದು ನೂರಕ್ಕೆ ಎಷ್ಟು ಪಾಲು ಟಾಲ್ಕ್ ಅನ್ನುವ ಲೆಕ್ಕ.

ಇನ್ನು ಕಪ್ಪು. ಅದು ಕಾರ್ಬನ್ ಬ್ಲ್ಯಾಕ್. ಸುಲಭವಾಗಿ ಹೇಳಬೇಕೆಂದರೆ ಮಸಿ. ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡುತ್ತಿದ್ದರಲ್ಲ, ಆ ಮಸಿಯ ಜಾತಿಯದ್ದೇ. ಅಂದಕ್ಕೆ ಅಂತ ಮಾತ್ರ ಅದನ್ನು ಹಾಕುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣಗಳನ್ನು ತಾನು ನುಂಗಿ ಪ್ಲಾಸ್ಟಿಕ್ಕನ್ನು ಕಾಯುವುದೇ ಅದರ ಕೆಲಸ. ಹೊಲದ ಡ್ರಿಪ್ ಪೈಪು ಕಪ್ಪಗಿರುವುದು, ನೀರಿನ ಕಪ್ಪು ಎಚ್‌ಡಿಪಿಇ ಪೈಪಿನಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಮಸಿ ಬೆರೆಸುವುದು ಇದಕ್ಕೇ. ಮಸಿ ಇಲ್ಲದಿದ್ದರೆ ಏನಾಗುತ್ತದೆ ಅಂತ ಎಲ್ಲರ ಮನೆಯ ಮಹಡಿ ಮೇಲೆ ಸಾಕ್ಷಿ ಇದೆ. ಬಟ್ಟೆಗೆ ಹಾಕುವ ನೀಲಿ, ಹಸಿರು ಕ್ಲಿಪ್ಪು ಎರಡು ಬೇಸಿಗೆ ಕಳೆದ ಮೇಲೆ ಹಿಂಡಿದರೆ ಬೆರಳಲ್ಲೇ ಹಪ್ಪಳದ ಹಾಗೆ ಮುರಿಯುತ್ತದೆ. ಪಾಲಿಪ್ರೊಪಿಲೀನ್ ಅಂದರೆ ಉದ್ದುದ್ದ ಸರಪಳಿ. ಬಿಸಿಲು ಆ ಸರಪಳಿಯ ಕೊಂಡಿ ಕಡಿಯುತ್ತದೆ, ಗಾಳಿಯ ಆಮ್ಲಜನಕ ಅಲ್ಲಿ ಹೋಗಿ ಸೇರಿಕೊಂಡು ಇನ್ನಷ್ಟು ಕಡಿಯುತ್ತದೆ.

ಮಸಿ ಇದ್ದರೂ ತೀರಾ ಮೇಲಿನ ಪದರಕ್ಕೆ ಪೂರ್ತಿ ರಕ್ಷಣೆ ಇಲ್ಲ. ಕೂದಲೆಳೆಗಿಂತ ತೆಳುವಾದ ಆ ಮೈ ನಿಧಾನಕ್ಕೆ ಒಡೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು. ಬಿರುಕಿನ ನಡುವೆ ಟಾಲ್ಕ್ ಪುಡಿ ಮೇಲೆದ್ದು ಕೂರುತ್ತದೆ. ಬೆಳಕು ಒಳಗೆ ಹೋಗಿ ಮಸಿಯಲ್ಲಿ ಕರಗುವ ಬದಲು ಈ ಬಿರುಕುಗಳಿಗೆ ತಾಗಿ ನಾಲ್ಕೂ ಕಡೆ ಚೆಲ್ಲುತ್ತದೆ. ನಮ್ಮ ಕಣ್ಣಿಗೆ ಅದು ಬೂದಿ ಬಣ್ಣ. ಅಂದರೆ ಕಪ್ಪು ಎಲ್ಲೂ ಹೋಗಿಲ್ಲ. ಮೈ ಒಡೆದಿದೆ ಅಷ್ಟೇ. ಚಳಿಗಾಲದಲ್ಲಿ ನಮ್ಮ ಕಾಲಿನ ಚರ್ಮ ಬೆಳ್ಳಗೆ ಪುಡಿ ಪುಡಿ ಆಗುತ್ತಲ್ಲ, ಚರ್ಮದ ಬಣ್ಣವೇನೂ ಹೋಗಿರುವುದಿಲ್ಲವಲ್ಲ, ಹಾಗೆ. ಇದು ತಿಳಿದ ದಿನ ನನಗೆ ಎಷ್ಟು ಸಮಾಧಾನ ಆಯಿತೆಂದು ಹೇಳಲಾರೆ. ಅಪ್ಪನ ಬಂಪರ್‌ನಲ್ಲಿ 2006ರ ಕಪ್ಪು ಪೂರ್ತಿ ಇತ್ತು. ಒಂದು ಕೂದಲೆಳೆಯಷ್ಟು ಒಳಗೆ ಇತ್ತು.

ಎಣ್ಣೆ ಹಚ್ಚಿದರೆ, ಅಷ್ಟೇಕೆ, ಬರೀ ನೀರು ಸುರಿದರೂ ಕಪ್ಪಾಗುವುದು ಯಾಕೆ ಅಂತಲೂ ಇದರಿಂದಲೇ ಗೊತ್ತಾಗುತ್ತದೆ. ದ್ರವ ಹೋಗಿ ಬಿರುಕು ತುಂಬುತ್ತದೆ, ಬೆಳಕು ಚೆಲ್ಲುವುದು ನಿಲ್ಲುತ್ತದೆ. ಒದ್ದೆ ಸ್ಲೇಟು ಕಪ್ಪಗೆ ಕಾಣುವುದೂ ಹೀಗೇ. ಒಣಗಿದರೆ ಮತ್ತೆ ಬೂದಿ. ಹಾಗಾಗಿ ನಾನು ಯಾವ ಗಾಡಿಯ ಪ್ಲಾಸ್ಟಿಕ್ ಮುಟ್ಟುವ ಮುಂಚೆಯೂ ಒಂದು ಚೊಂಬು ನೀರು ಸುರಿದು ನೋಡುತ್ತೇನೆ. ಒದ್ದೆಯಾದಾಗ ಚೆನ್ನಾಗಿ ಕಪ್ಪಾದರೆ ಮೇಲೆ ಹಚ್ಚುವ ಕೋಟಿಂಗ್ ಕೆಲಸ ಮಾಡುತ್ತದೆ ಅಂತ ಅರ್ಥ. ಒದ್ದೆ ಇದ್ದಾಗಲೂ ಬಿಳಿ ಮಚ್ಚೆ ಹಾಗೇ ನಿಂತರೆ ಅಲ್ಲಿ ಬೇರೆ ಏನೋ ಕೂತಿದೆ. ಗಾಡಿಯ ಬಾಡಿ ಮೇಲೆ ಹಾಕಿದ ಪಾಲಿಶ್ ತಾಗಿ ಒಣಗಿರಬಹುದು, ಪೇಂಟ್ ಸ್ಪ್ರೇ ಹಾರಿ ಬಿದ್ದಿರಬಹುದು, ಬೋರ್ ನೀರಿನ ಉಪ್ಪು ಪದರ ಕಟ್ಟಿರಬಹುದು. ಅದನ್ನು ತೆಗೆಯದೆ ಮೇಲೆ ಏನು ಹಚ್ಚಿದರೂ ದಂಡ.

ಗ್ಯಾರೇಜಿನ ಗನ್ನು

ದಸರಾ ರಜೆಗೆ ಊರಿಗೆ ಹೋದಾಗ ಸಾಮಾನೆಲ್ಲ ಬ್ಯಾಗಿನಲ್ಲಿ ಹಾಕಿಕೊಂಡೇ ಹೋದೆ. ಮೊದಲು ನಮ್ಮ ಹಳೆಯ ಗ್ಯಾರೇಜಿನ ಚಾಚಾ ಹತ್ತಿರ ಹೋಗಿ ಕೇಳಿದೆ. ಈ ಗಾಡಿಯ ಮೈಯೆಲ್ಲ ಅವರಿಗೆ ಗೊತ್ತು. "ಅದಕ್ಕ್ಯಾಕೆ ಇಷ್ಟು ತಲಿ ಕೆಡಿಸ್ಕೋತಿ ಬೇಟಾ, ಎರಡು ನಿಮಿಷದ ಕೆಲಸ" ಅಂದು ಹಾಟ್ ಏರ್ ಗನ್ ತಂದರು. ಗುಜರಿಗೆ ಹಾಕಲು ಇಟ್ಟಿದ್ದ ಒಡೆದ ಬಂಪರ್ ತುಂಡೊಂದು ಮೂಲೆಯಲ್ಲಿತ್ತು. "ಮೊದಲು ಇದರ ಮೇಲೆ ತೋರಿಸಿ ಚಾಚಾ" ಅಂದೆ.

ಗನ್ನಿನ ಬಾಯಿ ಹತ್ತಿರ ಹೋದ ಹಾಗೆ ಬೂದಿ ಬಣ್ಣ ಕಣ್ಣೆದುರೇ ಸರಿದು ಕಪ್ಪು ಬಂತು. ನೆಲದ ಮೇಲೆ ನೀರು ಹರಡಿದ ಹಾಗೆ, ಕಪ್ಪಿನ ಅಂಚು ಮುಂದೆ ಮುಂದೆ ಹೋಗುತ್ತಿತ್ತು. ಎಣ್ಣೆ ಇಲ್ಲ, ನೀರಿಲ್ಲ, ಬರೀ ಬಿಸಿ ಗಾಳಿ. ನೋಡಲು ನಿಜಕ್ಕೂ ಚೆಂದ. ಒಡೆದ ಮೈ ಕರಗಿ ಮತ್ತೆ ಕೂಡಿಕೊಳ್ಳುತ್ತದೆ, ಬಿರುಕು ಮುಚ್ಚುತ್ತದೆ, ಒಳಗಿನ ಕಪ್ಪು ಮತ್ತೆ ಕಾಣುತ್ತದೆ. ಅಷ್ಟರಲ್ಲಿ ಯಾರೋ ಗಿರಾಕಿ ಕೂಗಿದರು. ಚಾಚಾ ಆ ಕಡೆ ತಿರುಗಿದರು, ಗನ್ನು ಒಂದೇ ಕಡೆ ನಿಂತಿತು. ಎಣಿಸಿದರೆ ನಾಲ್ಕೈದು ಸೆಕೆಂಡ್. ಆ ಜಾಗದಲ್ಲಿ ಅಚ್ಚು ಮಾಯವಾಗಿ ಎಂಟಾಣೆ ಅಗಲದ ನುಣ್ಣನೆಯ ಹೊಳೆಯುವ ಮಚ್ಚೆ ಉಳಿಯಿತು. ತುಂಡಿನ ಅಂಚೂ ಸ್ವಲ್ಪ ಒಳಕ್ಕೆ ಬಾಗಿತು. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಗೆ. ಗನ್ನಿನ ಬಾಯಲ್ಲಿ ಅದರ ಮೂರು ಪಟ್ಟು ಬಿಸಿ ಇರಬಹುದು. ಅಚ್ಚು ಒಂದು ಸಲ ಹೋದರೆ ಮತ್ತೆ ಬರುವುದಿಲ್ಲ.

ಇನ್ನೊಂದು ವಿಷಯ. ಬಿಸಿ ಕೊಟ್ಟು ಕಪ್ಪು ಬರಿಸಿದರೂ, ಬಿಸಿಲು ತಡೆಯಲು ಫ್ಯಾಕ್ಟರಿಯಲ್ಲಿ ಮಸಿಯ ಜೊತೆ ಸೇರಿಸಿದ್ದ ಔಷಧಿ ಮೇಲಿನ ಪದರದಲ್ಲಿ ಆಗಲೇ ತೀರಿಹೋಗಿರುತ್ತದೆ. ಅದೇನೂ ವಾಪಸ್ ಬರುವುದಿಲ್ಲ. ಅದೇ ಮೈ ಮತ್ತೆ ಒಡೆಯುತ್ತದೆ. ಮತ್ತೆ ಕಾಯಿಸಬೇಕು. ಪ್ರತಿ ಸಲ ಪ್ಲಾಸ್ಟಿಕ್ ಇನ್ನಷ್ಟು ಪೆಡಸಾಗುತ್ತದೆ. ಇದನ್ನು ಚಾಚಾಗೆ ಹೇಳಿದೆ. ಅವರು ಆ ಮಚ್ಚೆಯ ಮೇಲೆ ಹೆಬ್ಬೆರಳು ಆಡಿಸಿ, "ಹೌದು, ಹಳೆ ಗಾಡಿಗೆ ಬ್ಯಾಡ ಬಿಡು" ಅಂದರು. ಆಮೇಲೆ ತಾವೇ, ಕೆಲವರು ಬೆಳ್ಳಗಾದ ಬಂಪರ್‌ಗೆ ಕಪ್ಪು ಪೇಂಟ್ ಹೊಡೆಸುತ್ತಾರೆ, ಆರು ತಿಂಗಳಿಗೆ ಹಪ್ಪಳ ಎದ್ದ ಹಾಗೆ ಏಳುತ್ತದೆ ಅಂತ ಹೇಳಿದರು. ಅವರು ಹೇಳಿದ್ದು ಸರಿ. ಪಾಲಿಪ್ರೊಪಿಲೀನ್‌ಗೆ ಏನೂ ಸುಲಭಕ್ಕೆ ಅಂಟುವುದಿಲ್ಲ. ಪ್ಲಾಸ್ಟಿಕ್ ಪ್ರೈಮರ್ ಹಾಕದೆ ಹೊಡೆದ ಪೇಂಟ್ ಮೇಲೆ ಕೂತಿರುತ್ತದೆ ಅಷ್ಟೇ. ಡೀಸೆಲ್ ಬಟ್ಟೆಯಲ್ಲಿ ಒರೆಸುವುದರ ಬಗ್ಗೆ ಮಾತ್ರ ಇಬ್ಬರಿಗೂ ಸ್ವಲ್ಪ ವಾದ ಆಯಿತು. ವಾಟರ್ ಸರ್ವಿಸ್‌ನವರು ಎಷ್ಟೋ ವರ್ಷದಿಂದ ಅದನ್ನೇ ಮಾಡುತ್ತಾರೆ, ಏನಾಗಿದೆ ಅಂತ ಅವರು. ಡೀಸೆಲ್, ಸೀಮೆಎಣ್ಣೆ ತಾಗಿದರೆ ಬಾಗಿಲಿನ ರಬ್ಬರ್ ಬೀಡಿಂಗ್ ಉಬ್ಬಿ ಮೆತ್ತಗಾಗುತ್ತದೆ, ಬಂಪರ್‌ನಲ್ಲಿರುವ ರಬ್ಬರಿಗೂ ಅದು ಒಳ್ಳೆಯದಲ್ಲ ಅಂತ ನಾನು. ಚಹಾ ಬಂತು, ಮಾತು ಅಲ್ಲಿಗೆ ನಿಂತಿತು.

ಕೆಂಪು ನೀರು

ಮರುದಿನ ಬೆಳಿಗ್ಗೆ ಆರಕ್ಕೆಲ್ಲ ಶುರು ಮಾಡಿದೆ. ಬಿಸಿಲು ಬಂದು ಪ್ಲಾಸ್ಟಿಕ್ ಕಾದರೆ ಹಚ್ಚಿದ್ದೆಲ್ಲ ಅಲ್ಲಲ್ಲೇ ಒಣಗಿ ಕಲೆ ಕೂರುತ್ತದೆ. ಬಂಪರ್ ಪಕ್ಕದ ಬಣ್ಣದ ಭಾಗಕ್ಕೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಆಲ್ ಪರ್ಪಸ್ ಕ್ಲೀನರ್ ಒಂದು ಪಾಲಿಗೆ ಹತ್ತು ಪಾಲು ನೀರು. ಬ್ರಷ್ ಅಂದರೆ ಹಳೆಯ ಟೂತ್‌ಬ್ರಷ್ಷೇ. ಅಂಗೈಯಷ್ಟು ಜಾಗಕ್ಕೆ ಸ್ಪ್ರೇ ಮಾಡಿ, ಸುತ್ತ ಸುತ್ತ ತಿರುಗಿಸಿ ತಿಕ್ಕಿದೆ. ಮೊದಲು ಬಿಳಿ ನೊರೆ ಬಂತು. ಆಮೇಲೆ ಅದು ಬೂದಿಯಾಯಿತು. ಎರಡನೇ ಸಲ ತಿಕ್ಕಿದಾಗ ನೊರೆ ಕೆಂಪಾಯಿತು.

ನಾನು ಬ್ರಷ್ ನಿಲ್ಲಿಸಿ ನೋಡಿದೆ. ಕುಂಕುಮ ಇರಬಹುದು ಅಂದುಕೊಂಡೆ. ಪ್ರತಿ ಆಯುಧ ಪೂಜೆಗೂ ಬಂಪರ್‌ಗೆ ವಿಭೂತಿ, ಅರಿಶಿನ, ಕುಂಕುಮ ಹಚ್ಚುತ್ತೇವೆ. (ಅರಿಶಿನ ಬಿಸಿಲಿಗೆ ತಾನೇ ಮಾಸಿಹೋಗುತ್ತದೆ. ವಿಭೂತಿ ಅಚ್ಚಿನ ಒಳಗೆ ಕೂತರೆ ವರ್ಷಗಟ್ಟಲೆ ಹೋಗುವುದಿಲ್ಲ. ಈಗ ನಾವು ವಿಭೂತಿ, ಕುಂಕುಮ ಎರಡನ್ನೂ ಗಾಜಿಗೆ ಹಚ್ಚುತ್ತೇವೆ.) ಆದರೆ ಇದು ಕುಂಕುಮದ ಕೆಂಪಲ್ಲ. ಬಂಪರ್‌ನ ಮೂಲೆ, ಕನ್ನಡಿಯ ಚಿಪ್ಪು, ವೈಪರ್ ಕೆಳಗಿನ ಜಾಲರಿ, ಎಲ್ಲಿ ತಿಕ್ಕಿದರೂ ಅದೇ ಬಣ್ಣ. ಬಕೆಟ್ಟಿನ ನೀರು ಇಟ್ಟಿಗೆ ಕಲಸಿದ ಹಾಗೆ ಆಯಿತು. ಅಪ್ಪ ಪೇಪರ್ ಓದುತ್ತಿದ್ದವರು ಎದ್ದು ಬಂದರು. ಬಕೆಟ್ಟಿಗೆ ಎರಡು ಬೆರಳು ಅದ್ದಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. "ಅದಿರು" ಅಂದರು. "ಆಗಿಂದು."

ಆಗಿಂದು. ಹದಿಮೂರು ವರ್ಷಕ್ಕೂ ಹಿಂದಿನ ಧೂಳು. ಪ್ರತಿ ಶುಕ್ರವಾರ ಎಣ್ಣೆಯ ಜೊತೆ ಒಳಗೆ ಹೋಗಿ, ಪದರ ಪದರವಾಗಿ ಕೂತಿದ್ದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕುಕ್ಕರಗಾಲಲ್ಲಿ ಕೂತರು. "ನಾನೇ ಒಳಗ ತುಂಬೀನಿ ಅನ್ನು" ಅಂದರು. ಅವರ ದನಿಯಲ್ಲಿ ನೋವಿತ್ತು. ಎಣ್ಣೆ ಹಚ್ಚದಿದ್ದರೂ ಬಿಸಿಲಿಗೆ ಇದು ಬೂದಿಯಾಗಲೇಬೇಕಿತ್ತು, ಯಾವ ಕಂಪನಿಯ ಗಾಡಿಯಾದರೂ ಹೀಗೇ, ಧೂಳೇನು ತೊಳೆದರೆ ಹೋಗುತ್ತದೆ ಅಂತ ಹೇಳಿದೆ. ಅದು ಸಮಾಧಾನಕ್ಕೆ ಆಡಿದ ಮಾತಲ್ಲ, ನಿಜವೇ. ಅವರು ಏನೂ ಹೇಳದೆ ಒಳಗೆ ಹೋಗಿ ಇನ್ನೊಂದು ಟೂತ್‌ಬ್ರಷ್ ತಂದರು. ಹಿಂದಿನ ಬಂಪರ್ ಅವರು ತಿಕ್ಕಿದರು, ಮುಂದಿನದು ನಾನು. ಐದು ಸಲ ತೊಳೆದ ಮೇಲೆ ನೀರು ತಿಳಿಯಾಯಿತು. ಹೊತ್ತು ಒಂಬತ್ತೂವರೆ.

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇಷ್ಟೇ ಅಂತ ನನ್ನ ಅಭಿಪ್ರಾಯ. ಹಚ್ಚುವುದು ಕಾಲು ಗಂಟೆ, ತೊಳೆಯುವುದು ಮೂರೂವರೆ ಗಂಟೆ. ಅಂಗಡಿಯವರು ಇದನ್ನು ತಲೆಕೆಳಗು ಮಾಡುತ್ತಾರೆ. ಬೋರ್ ನೀರಿನ ಉಪ್ಪು ಕೂತಿದ್ದ ಒಂದೆರಡು ಕಡೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒತ್ತಿ ಹಿಡಿದು ತೊಳೆದೆ. ನಿಂಬೆಹಣ್ಣಾದರೂ ಆಗುತ್ತದೆ. ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಎರಡು ಸಲ ಒರೆಸಿದೆ. ಕೊಬ್ಬರಿ ಎಣ್ಣೆಯ ಒಂದು ಹನಿ ಒಳಗೆ ಉಳಿದಿದ್ದರೂ ಕೋಟಿಂಗ್ ಹಿಡಿಯುವುದಿಲ್ಲ. ಬಟ್ಟೆ ಸ್ವಚ್ಛವಾಗಿ ವಾಪಸ್ ಬರಬೇಕು. ಸ್ವಲ್ಪವಾದರೂ ಬಣ್ಣ ಬಂದರೆ ಮತ್ತೆ ಒರೆಸಬೇಕು.

ಆಗ ನೋಡಿದರೆ ಬಂಪರ್ ಶುರು ಮಾಡಿದಾಗ ಇದ್ದದ್ದಕ್ಕಿಂತ ಇನ್ನೂ ಬೆಳ್ಳಗಿತ್ತು. ಇದನ್ನು ಮುಂಚೆಯೇ ತಿಳಿದಿರುವುದು ಒಳ್ಳೆಯದು. ಇಲ್ಲದಿದ್ದರೆ ಎದೆ ಒಡೆಯುತ್ತದೆ. ಎಣ್ಣೆ, ಕೊಳೆ ಎಲ್ಲ ಹೋದ ಮೇಲೆ ಒಡೆದ ಮೈ ಪೂರ್ತಿ ಬರಿದಾಗಿ ಕಾಣುತ್ತದೆ. ಅವ್ವ ಬಂದು, "ಇದ್ದದ್ದೂ ಹೋತಲ್ಲೋ" ಅಂದಳು.

ಕೋಟಿಂಗ್ ಸಣ್ಣ ಬಾಟಲಿ. ಸಿಲಿಕಾ ಬೆರೆತ ದ್ರವ, ಬಿರುಕಿನ ಒಳಗೆ ಇಳಿದು ಗಾಳಿಯ ತೇವ ತಗೊಂಡು ಗಟ್ಟಿಯಾಗುತ್ತದೆ. ಎಣ್ಣೆ ಬಿರುಕು ತುಂಬಿ ಹಸಿಯಾಗಿಯೇ ಇರುತ್ತದೆ, ಮಳೆಗೆ ಹೋಗುತ್ತದೆ. ಇದು ತುಂಬಿ ಅಲ್ಲೇ ಒಣಗಿ ನಿಲ್ಲುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ಕೈಗೆ ಗ್ಲೌಸ್ ಹಾಕಿಕೊಂಡು, ಸ್ಪಂಜಿಗೆ ಏಳೆಂಟು ಹನಿ ಬಿಟ್ಟು, ಮೊದಲು ಅಡ್ಡ, ಆಮೇಲೆ ಉದ್ದ ಎಳೆದೆ. ಎಲ್ಲಿ ಎಳೆದೆನೋ ಅಲ್ಲಿ ಕಪ್ಪು. ಎರಡು ಮೂರು ನಿಮಿಷ ಬಿಟ್ಟು ಮೈಕ್ರೋಫೈಬರ್ ಬಟ್ಟೆಯಿಂದ ಮೇಲೆ ಉಳಿದದ್ದನ್ನು ಒತ್ತದೆ ಒರೆಸಿದೆ. ಒರೆಸದೆ ಬಿಟ್ಟರೆ ಅಂಟು ಗೆರೆಗಳಾಗಿ ಗಟ್ಟಿಯಾಗುತ್ತದೆ, ಆಮೇಲೆ ತೆಗೆಯುವುದು ಕಷ್ಟ. ಎರಡೂ ಬಂಪರ್, ಎರಡು ಕನ್ನಡಿ, ಜಾಲರಿ, ಬಾಗಿಲ ಹಿಡಿ ಸೇರಿ ಹದಿನೈದು ಎಂ.ಎಲ್. ಕೂಡ ಹಿಡಿಯಲಿಲ್ಲ. ಒಂದು ದಿನ ನೀರು ತಾಗಬಾರದು. ಅಪ್ಪ ಅವತ್ತು ರಾತ್ರಿ ಎರಡು ಸಲ ಎದ್ದು ಮೋಡ ಇದೆಯಾ ಅಂತ ನೋಡಿದರಂತೆ.

ಬೇವಿನ ಮರದ ಕಡೆ

ಕಪ್ಪು ಬಂತು. ಹೊಸ ಗಾಡಿಯ ಕಪ್ಪು ಅಂತ ಹೇಳಲಾರೆ. ಎದುರಿನಿಂದ ನೋಡಿದರೆ ಒಂದೇ ಬಣ್ಣ. ಪಕ್ಕದಿಂದ, ಇಳಿಬಿಸಿಲಲ್ಲಿ ನೋಡಿದರೆ ನಂಬರ್ ಪ್ಲೇಟಿನ ಮೇಲೆ ಕೆಳಗೆ ಆ ಎರಡು ಬೆರಳಿನ ಪಟ್ಟಿ ಈಗಲೂ ತೆಳ್ಳಗೆ ಕಾಣುತ್ತದೆ. ಆ ಪಟ್ಟಿಯ ಮೈ ಒಡೆದಿಲ್ಲ, ಸುತ್ತಲಿನದು ಒಡೆದು ತುಂಬಿಸಿದ್ದು. ಎರಡೂ ಒಂದೇ ಆಗುವುದಿಲ್ಲ. ಈ ಕೋಟಿಂಗ್ ಕೂಡ ನಮ್ಮ ಬಳ್ಳಾರಿ ಸೀಮೆಯ ಬಿಸಿಲಿಗೆ ಬಹಳ ಅಂದರೆ ಒಂದೆರಡು ವರ್ಷ. ಮತ್ತೆ ತೊಳೆಯಬೇಕು, ಮತ್ತೆ ಹಚ್ಚಬೇಕು. ಹೊಸ ಬಂಪರ್ ಕೊಂಡರೆ ಆಗಲ್ವಾ, ಈ ಮಾಡೆಲ್ಲಿಗೆ ಅಗ್ಗಕ್ಕೆ ಸಿಗುತ್ತಲ್ಲ ಅಂತ ಗೆಳೆಯರೊಬ್ಬರು ಕೇಳಿದರು. ಆಗುತ್ತದೆ. ಆದರೆ ಒಡೆಯದ, ಬಾಗದ, ಬರೀ ಮೇಲಿನ ಕೂದಲೆಳೆಯಷ್ಟು ಮಾತ್ರ ಕೆಟ್ಟ ಒಂದು ಗಟ್ಟಿ ವಸ್ತುವನ್ನು ಗುಜರಿಗೆ ಎಸೆಯಲು ನನಗೆ ಮನಸ್ಸು ಬರುವುದಿಲ್ಲ.

ಹೊರಡುವ ದಿನ ಅಪ್ಪನಿಗೆ ಇನ್ನೊಂದನ್ನು ತೋರಿಸಿದೆ. ಹಿಂದಿನ ಬಂಪರ್ ತೊಳೆದಾಗ ನಾನು ಗಮನಿಸಿದ್ದು. ಅದರ ಎಡಗಡೆ ಬಲಗಡೆಗಿಂತ ಕಪ್ಪಗಿತ್ತು, ಕೋಟಿಂಗ್ ಹಾಕುವ ಮುಂಚೆಯೇ. ನಮ್ಮ ಮನೆ ಮುಂದೆ ಗಾಡಿ ಯಾವಾಗಲೂ ಒಂದೇ ದಿಕ್ಕಿಗೆ ನಿಲ್ಲುತ್ತದೆ. ಮಧ್ಯಾಹ್ನದ ಮೇಲೆ ಪಕ್ಕದ ಮನೆಯ ಬೇವಿನ ಮರದ ನೆರಳು ಹಿಂದಿನ ಎಡ ಮೂಲೆಗೆ ಬೀಳುತ್ತದೆ, ಉಳಿದದ್ದಕ್ಕೆ ಬೀಳುವುದಿಲ್ಲ. ಹದಿನೆಂಟು ವರ್ಷ ಆ ಮರ ಅಷ್ಟು ಜಾಗವನ್ನು ಕಾಯ್ದಿತ್ತು. ಅಪ್ಪ ಮರ ನೋಡಿದರು, ಗಾಡಿ ನೋಡಿದರು, ನೆರಳು ಎಲ್ಲಿಯವರೆಗೆ ಬರುತ್ತದೆ ಅಂತ ಕಾಲಿನಿಂದ ಮಣ್ಣಲ್ಲಿ ಗೆರೆ ಎಳೆದರು.

ಈಗ ಫೋನ್ ಮಾಡಿದಾಗ ಅವ್ವ ಅದನ್ನೂ ಒಂದು ಸುದ್ದಿಯಾಗಿ ಹೇಳುತ್ತಾಳೆ. ಸೋಮವಾರ ಬೆಳಿಗ್ಗೆ ಅಪ್ಪ ಗಾಡಿ ಗೇಟಿನ ಹೊರಗೆ ತೆಗೆದು, ತಿರುಗಿಸಿ, ಹಿಮ್ಮುಖವಾಗಿ ತಂದು ನಿಲ್ಲಿಸುತ್ತಾರಂತೆ. ಒಂದು ವಾರ ಮುಖಕ್ಕೆ ನೆರಳು, ಒಂದು ವಾರ ಬೆನ್ನಿಗೆ. "ಈ ವಾರ ಮುಂದಿನ ಬಂಪರ್ ಪಾಳಿ" ಅಂದಳು ಮೊನ್ನೆ.